ಮೂರು ಆಯಿಲ್ ಸೀಲು, ಒಂದು ಚಿಟಿಕೆ ಕೆಂಪುಮಣ್ಣು

ನಮ್ಮದು ಜನರೇಟರ್ ಬಾಡಿಗೆ. ದೀಪಾವಳಿ ಕಳೆದರೆ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಗೆ ತುಳುನಾಡಿನ ಆಟ-ನೇಮಗಳು ಮುಗಿಯುವ ದಿನದವರೆಗೆ, ಯಕ್ಷಗಾನದ ಆಟ, ದೈವದ ನೇಮ, ಕಂಬಳ ಅಂತ ಪುರುಸೊತ್ತೇ ಇಲ್ಲ. 25 ಕೆವಿಎ ಸೆಟ್ಟು ಟ್ರಾಲಿ ಸೇರಿ ಒಂದು ಟನ್ನಿಗೆ ಮೇಲೆ. ಅದನ್ನು ಪಿಕಪ್ಪಿಗೆ ಕಟ್ಟಿಕೊಂಡು ಉಡುಪಿಯಿಂದ ಹೆಬ್ರಿ, ಕಾರ್ಕಳ ಕಡೆ ಹೋಗಿ, ಕೊನೆಗೆ ಗದ್ದೆಗೂ ಇಳಿಸಬೇಕು.

ಎರಡು ವರ್ಷದ ಹಿಂದೆ ಗೇರ್‌ಬಾಕ್ಸ್ ಸೋರಲು ಶುರುವಾಯಿತು. ಬೆಳಿಗ್ಗೆ ಎದ್ದರೆ ಅಂಗಳದ ಇಂಟರ್‌ಲಾಕ್ ಮೇಲೆ ನಾಣ್ಯದಷ್ಟು ಕಪ್ಪು ಚುಕ್ಕೆ. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಸೇರುವ ಕಡೆ ಎಣ್ಣೆ ತಡೆಯುವ ರಬ್ಬರ್ ಬಳೆ, ಅಂದರೆ ಆಯಿಲ್ ಸೀಲು, ಹೋಗಿದೆ ಅಂತ ಹೊಸದು ಹಾಕಿಸಿದೆ. ಹದಿನೈದೇ ದಿನ, ಮತ್ತೆ ಚುಕ್ಕೆ. "ಅಣ್ಣ, ಸೀಲು ಡೂಪ್ಲಿಕೇಟ್ ಇರ್ಬೇಕು" ಅಂದ ಮೆಕ್ಯಾನಿಕ್. ಒರಿಜಿನಲ್ ತಂದುಕೊಟ್ಟೆ. ಅದೂ ಅಷ್ಟೇ.

ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಖಾಲಿ ಓಡಿಸಿದ ದಿನ ಅಂಗಳ ಒಣ. ಟ್ರಾಲಿ ಎಳೆದ ದಿನ ಮಾತ್ರ ಚುಕ್ಕೆ.

ಒಂದು ರಾತ್ರಿ ಆಟಕ್ಕೆ ಸೆಟ್ ಇಳಿಸಿದ ಕೂಡಲೇ ಗಾಡಿಯಡಿ ನುಗ್ಗಿದೆ. ಗೇರ್‌ಬಾಕ್ಸ್ ಮುಟ್ಟಲಾಗದಷ್ಟು ಬಿಸಿ. ಬಟ್ಟೆ ಸುತ್ತಿಕೊಂಡು, ಎಣ್ಣೆ ತುಂಬುವ ಬೋಲ್ಟನ್ನು ಮೆಲ್ಲ ಸಡಿಲಿಸಿದೆ. ಬುಸ್ ಅಂತ ಗಾಳಿ ಬಂತು ಮಾರಾಯ್ರೆ, ಸೋಡಾ ಬಾಟಲಿ ತೆಗೆದ ಹಾಗೆ! ಬರಬಾರದು. ಭಾರ ಎಳೆದಾಗ ಎಣ್ಣೆ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಗೆ ಹೋಗಲಿ ಅಂತ ಮೇಲ್ಗಡೆ ಬ್ರೀದರ್ ಅಂತ ಒಂದು ಸಣ್ಣ ಟೊಪ್ಪಿ ಇರುತ್ತದೆ. ನಮ್ಮದರಲ್ಲಿ ಗದ್ದೆಯ ಕೆಂಪುಮಣ್ಣು ಒಣಗಿ ಇಟ್ಟಿಗೆಯಾಗಿತ್ತು. ದಾರಿ ಸಿಗದ ಗಾಳಿ ಸೀಲಿನ ತುಟಿ ಎತ್ತಿ ಎಣ್ಣೆಯನ್ನೂ ಹೊರಗೆ ತಳ್ಳುತ್ತಿತ್ತು. ಪಾಪದ ಸೀಲಿಗೆ ಸುಮ್ನೆ ಬೈಗುಳ.

ಬ್ರೀದರ್ ತೆಗೆದು, ಅಲ್ಲಿಗೆ ಎಣ್ಣೆಗೆ ತಡೆಯುವ ರಬ್ಬರ್ ಪೈಪು ಹಾಕಿ, ಬಾನೆಟ್ಟಿನ ಒಳಗಡೆ ಎತ್ತರಕ್ಕೆ ಒಯ್ದು, ತುದಿಯನ್ನು ಕೆಳಮುಖ ಮಾಡಿ ಕಟ್ಟಿದೆ. ಇದರಿಂದ ಇನ್ನೊಂದು ಲಾಭ. ಕಾದ ಗೇರ್‌ಬಾಕ್ಸ್ ಗದ್ದೆಯ ನೀರಿಗೆ ಇಳಿದರೆ ಒಮ್ಮೆಲೇ ತಣಿದು ನೀರು ಎಳೆದುಕೊಳ್ಳಬಹುದು. ಎಣ್ಣೆ ಹಾಲು ಹಾಕಿದ ಚಾದಂತಾದರೆ ಅದೇ ಕಾರಣ. ಪೈಪು ಮೇಲಿದ್ದರೆ ಬ್ರೀದರ್ ಕಡೆಯಿಂದ ಆ ಹೆದರಿಕೆ ಇಲ್ಲ.

ಮೂರನೇ ಸೀಲೂ ಹಾಕಲೇಬೇಕಾಯಿತು. ಸೀಲಿನ ತುಟಿ ಉಜ್ಜಿ, ಶಾಫ್ಟ್ ಜೋಡಿಸುವ ಫ್ಲ್ಯಾಂಜಿನ ಕುತ್ತಿಗೆಯಲ್ಲಿ ಗೀರು ಬಿದ್ದಿತ್ತು, ಉಗುರು ಸಿಕ್ಕಿಕೊಳ್ಳುವಷ್ಟು. ಹೊಸ ಸೀಲನ್ನು 2 ಮಿಲಿಮೀಟರ್ ಹೊರಗೆ ಕೂರಿಸಿದೆವು, ತುಟಿ ನಯವಾದ ಜಾಗಕ್ಕೆ ಬಂತು.

ಎಣ್ಣೆ ಗಾಡಿಯ ಪುಸ್ತಕದಲ್ಲಿದ್ದದ್ದೇ, 80ಡಬ್ಲ್ಯು-90 (ಎಣ್ಣೆಯ ದಪ್ಪದ ಅಳತೆ), ಜಿಎಲ್-4 (ಗೇರ್ ಎಣ್ಣೆಯ ದರ್ಜೆ). ಅಂಗಡಿಯವರು ಜಿಎಲ್-5 ಜಾಸ್ತಿ ಒಳ್ಳೆಯದು ಅಂದರು. ಹಿಂದಿನ ಆಕ್ಸಲಿನ ಡಿಫರೆನ್ಷಿಯಲ್‌ಗೆ ಸರಿ, ಆದರೆ ಕೆಲವು ಗೇರ್‌ಬಾಕ್ಸ್‌ಗಳ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆ ಸಿಂಕ್ರೊ ರಿಂಗಿಗೆ ಅದು ಆಗಿಬರುವುದಿಲ್ಲ. ಭಾರ ಎಳೆಯುವ ಗಾಡಿ ಅಲ್ವಾ, ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿನ ಅರ್ಧಕ್ಕೇ ಎಣ್ಣೆ ಬದಲಿಸುತ್ತೇನೆ. ಡ್ರೈನ್ ಬೋಲ್ಟು ಆಯಸ್ಕಾಂತ ಇರುವುದು ಹಾಕಿದ್ದೇನೆ. ಅದರಲ್ಲಿ ಬೂದು ಬಣ್ಣದ ಹಿಟ್ಟಿನಂಥದ್ದು ಅಂಟಿದರೆ ತಲೆಬಿಸಿ ಬೇಡ, ಲೋಹದ ಚೂರು ಸಿಕ್ಕಿದರೆ ಗೇರ್‌ಬಾಕ್ಸ್ ಬಿಚ್ಚಿಸಬೇಕು.

ಈಗ ಅಂಗಳ ಒಣಗಿದೆ. ಎಂಜಿನ್ ಅಡಿಯ ಎಣ್ಣೆ ತಟ್ಟೆಯ (ಸಂಪಿನ) ಪ್ಯಾಕಿಂಗ್ ಸ್ವಲ್ಪ ಬೆವರುತ್ತಿದೆ, ಅದು ಪತ್ತನಾಜೆ ಕಳೆದ ಮೇಲೆ.