1887ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಗಲ್ಲು ಶಿಕ್ಷೆ ಆದವನಿಗೆ ಗವರ್ನರ್ ಹತ್ರ ಕ್ಷಮಾದಾನ ಕೇಳೋದು ಹೇಗೆ

ನಿಮ್ಮ ಅಣ್ಣನೋ ತಮ್ಮನೋ ಚಿಕಾಗೋದ ಹೇಮಾರ್ಕೆಟ್ ಬಾಂಬ್ ಕೇಸಲ್ಲಿ (ಕಾರ್ಮಿಕರ ಸಭೇಲಿ ಪೊಲೀಸರ ಮೇಲೆ ಬಾಂಬ್ ಬಿದ್ದ ಕೇಸು) ಸಿಕ್ಕಾಕೊಂಡು ಗಲ್ಲು ಶಿಕ್ಷೆ ಆಗಿ ಜೈಲಲ್ಲಿ ಕೂತಿದಾನೆ ಅಂದ್ಕೊಳ್ಳಿ. ಸೆಪ್ಟೆಂಬರ್ 14ಕ್ಕೆ ರಾಜ್ಯದ ಸುಪ್ರೀಂ ಕೋರ್ಟ್ ಶಿಕ್ಷೆ ಎತ್ತಿಹಿಡೀತು, ನವೆಂಬರ್ 2ಕ್ಕೆ ವಾಷಿಂಗ್ಟನ್‌ನ ಸುಪ್ರೀಂ ಕೋರ್ಟೂ ಕೈಬಿಡ್ತು, ಗಲ್ಲು ನವೆಂಬರ್ 11ಕ್ಕೆ. ಇನ್ನು ಉಳಿದಿರೋದು ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡಲ್ಲಿರೋ ಗವರ್ನರ್ ರಿಚರ್ಡ್ ಓಗಲ್ಸ್‌ಬಿ ಒಬ್ಬರೇ.

ಮೊದಲು ಏನು ಕೇಳ್ತಿದೀರಿ ಅಂತ ಮನಸಲ್ಲಿ ಗಟ್ಟಿ ಮಾಡ್ಕೊಳ್ಳಿ. ಗಲ್ಲು ತಪ್ಪಿಸಿ ಜೀವಾವಧಿಗೆ ಇಳಿಸಿ ಅನ್ನೋದು ಬೇರೆ, ಪೂರ್ತಿ ಬಿಟ್ಟುಬಿಡಿ ಅನ್ನೋದು ಬೇರೆ. ಉಳಿದಿರೋದು ಒಂಬತ್ತು ದಿನ, ಅದಕ್ಕೆ ಮೊದಲನೇದನ್ನೇ ಕೇಳಿ, ಜೀವ ಉಳಿದ್ರೆ ಮಿಕ್ಕಿದ್ದು ಆಮೇಲೂ ಕೇಳಬಹುದು.

ಅರ್ಜಿಗೆ ಅವನೇ ಸಹಿ ಹಾಕಿದ್ರೆ ಒಳ್ಳೇದು, ಕಷ್ಟ ಇರೋದೇ ಇಲ್ಲಿ. ಅದೇ ಕೇಸಲ್ಲಿ ಗಲ್ಲು ಶಿಕ್ಷೆ ಆಗಿದ್ದ ಫೀಲ್ಡನ್ ಮತ್ತು ಶ್ವಾಬ್ ತಾವು ಆಡಿದ್ದ ಬಿರುಸು ಮಾತಿಗೆ ವಿಷಾದ ಹೇಳಿ ದಯೆ ತೋರ್ಸಿ ಅಂತ ಬರೆದ್ರು. ಆದ್ರೆ ಅವರ ಜೊತೇಲೇ ಶಿಕ್ಷೆ ಆಗಿದ್ದ ಪಾರ್ಸನ್ಸ್ ನಾನು ತಪ್ಪೇ ಮಾಡಿಲ್ಲ, ಕ್ಷಮೆ ಯಾಕೆ ಕೇಳಲಿ ಅಂತ ಪಟ್ಟು ಹಿಡಿದ್ರು, ವಕೀಲರು ಎಷ್ಟು ಬೇಡ್ಕೊಂಡ್ರೂ ಬಗ್ಗಲಿಲ್ಲ. ನಿಮ್ಮವನೂ ಹಂಗೇ ಅಂದ್ರೆ ಒತ್ತಾಯ ಮಾಡಿ, ಅತ್ತು ಕೇಳಿ, ಆದ್ರೆ ಅವನಿಗೆ ಗೊತ್ತಿಲ್ದಂಗೆ ನೀವು ಸಹಿ ಹಾಕ್ಬೇಡಿ, ಅದು ಅವನ ಮಾನದ ವಿಷಯ.

ಇನ್ನು ಯಾರ ಹತ್ರ ಹೋಗೋದು? ಶಿಕ್ಷೆ ಕೊಟ್ಟ ಜಡ್ಜ್ ಮತ್ತೆ ಸರ್ಕಾರಿ ವಕೀಲರ ಹತ್ರಾನೇ. ಮನಸ್ಸು ಒಪ್ಪಲ್ಲ, ನನಗೂ ಗೊತ್ತು, ಆದ್ರೆ ಗವರ್ನರ್ ಮುಂದೆ ಅವರ ಕಾಗದಕ್ಕೆ ಇರೋ ತೂಕ ಬೇರೆ ಯಾವುದಕ್ಕೂ ಇಲ್ಲ, ಫೀಲ್ಡನ್ ಪರವಾಗಿ ಜಡ್ಜ್ ಗ್ಯಾರಿ ತಾವೇ ಬರೆದ್ರು, ಸರ್ಕಾರಿ ವಕೀಲ ಗ್ರಿನೆಲ್ಲೂ ದನಿಗೂಡಿಸಿದ್ರು. ಜನರ ಸಹಿ ಸಾವಿರಗಟ್ಟಲೆ ಬರುತ್ತೆ, ಬರಲಿ, ಅದರ ಜೊತೆ ದುಡ್ಡಿರೋರೂ ಬೇಕು. ಬ್ಯಾಂಕರ್ ಲೈಮನ್ ಗೇಜ್ ಊರಿನ ದೊಡ್ಡ ವ್ಯಾಪಾರಿಗಳನ್ನ ಕೂರಿಸಿ ಮಾತಾಡಿದ್ರು, ದೊಡ್ಡ ಅಂಗಡಿ ಮಾಲೀಕ ಮಾರ್ಷಲ್ ಫೀಲ್ಡ್ ಬೇಡ ಅಂದಮೇಲೆ ಉಳಿದೋರ ಬಾಯಿ ಕಟ್ಟೋಯ್ತು. ಹಾಗಾಗಿ ಒಬ್ಬೊಬ್ಬರನ್ನೂ ಬೇರೆ ಬೇರೆ ಹೋಗಿ ನೋಡಿ, ಒಟ್ಟಿಗೆ ಕೂರಿಸ್ಬೇಡಿ.

ನವೆಂಬರ್ 9ಕ್ಕೆ ಸ್ಪ್ರಿಂಗ್‌ಫೀಲ್ಡ್‌ಗೆ ಹೋಗಿ ಎದುರಿಗೆ ನಿಂತು ಮಾತಾಡಿ. ಕಾರ್ಮಿಕ ನಾಯಕ ಸ್ಯಾಮ್ಯುಯೆಲ್ ಗಾಂಪರ್ಸ್ ಕೂಡ ಅವತ್ತು ಅಲ್ಲಿಗೆ ಬಂದಿದ್ರು. 10ನೇ ತಾರೀಖು ಸಂಜೆ ತೀರ್ಮಾನ ಬಂತು, ಫೀಲ್ಡನ್‌ಗೂ ಶ್ವಾಬ್‌ಗೂ ಜೀವಾವಧಿ, ಅಷ್ಟೇ. ಗಲ್ಲು ಶಿಕ್ಷೆ ಆಗಿದ್ದ ಇನ್ನೊಬ್ಬ ಲಿಂಗ್ ಅವತ್ತೇ ಸೆಲ್ಲಲ್ಲಿ ಸತ್ರು, ಮಾರನೇ ದಿನ ಪಾರ್ಸನ್ಸ್, ಸ್ಪೀಸ್, ಫಿಷರ್, ಎಂಗಲ್ ನಾಲ್ಕೂ ಜನಕ್ಕೆ ಗಲ್ಲಾಯ್ತು.

ನಿಮ್ಮವನು ಜೀವ ಉಳಿದ ಇಬ್ಬರಲ್ಲಿ ಒಬ್ಬ ಆಗಿದ್ರೆ ಕಾಗದಪತ್ರ ಒಂದನ್ನೂ ಬಿಸಾಕ್ಬೇಡಿ. ಹೊಸ ಗವರ್ನರ್ ಬರೋವರೆಗೆ ಕಾಯ್ಬೇಕು, ಈ ಸಲ ಕೇಳೋ ರೀತೀನೇ ಬೇರೆ ಇರ್ಬೇಕು. ಶಿಕ್ಷೆ ಸಾಕಾಯ್ತು ಬಿಡಿ ಅಂತ ಬರೆಯೋರೇ ಜಾಸ್ತಿ, ನೀವು ಟ್ರಯಲ್ಲೇ ಸರಿ ಇರಲಿಲ್ಲ ಅಂತ ಬರೀರಿ, ಪುರಾವೆ ಸಮೇತ. ಜ್ಯೂರಿ ಆರಿಸೋಕೆ 981 ಜನರನ್ನ ವಿಚಾರಿಸಿದ್ರು, ಆ ಜನರನ್ನ ಕರ್ಕೊಂಡು ಬಂದ ಬೇಲಿಫ್ (ಕೋರ್ಟಿನ ಅಧಿಕಾರಿ) ಇವರಿಗೆ ಗಲ್ಲು ಗ್ಯಾರಂಟಿ ಅಂತ ಹೇಳ್ಕೊಂಡಿದ್ನಂತೆ, ಅದನ್ನ ಕೇಳಿಸ್ಕೊಂಡ ವ್ಯಾಪಾರಿಯನ್ನ ಕೋರ್ಟಿಗೆ ಕರೆಸೋಕೆ ಜಡ್ಜ್ ಒಪ್ಪಲಿಲ್ಲ. ಅಂಥವರ ಹತ್ರ ಅಫಿಡವಿಟ್ ಮಾಡಿಸ್ಕೊಳ್ಳಿ. ಗವರ್ನರ್ ಜಾನ್ ಪೀಟರ್ ಆಲ್ಟ್‌ಗೆಲ್ಡ್ 1893ರ ಜೂನ್ 26ರಂದು ಫೀಲ್ಡನ್, ಶ್ವಾಬ್ ಮತ್ತೆ 15 ವರ್ಷ ಶಿಕ್ಷೆ ಆಗಿದ್ದ ನೀಬಿ ಮೂವರನ್ನೂ ಬಿಡುಗಡೆ ಮಾಡಿದಾಗ ತಮ್ಮ ಆದೇಶದಲ್ಲಿ ಆ ವ್ಯಾಪಾರಿಯ ಅಫಿಡವಿಟ್ಟನ್ನೇ ಎತ್ತಿ ತೋರಿಸಿದ್ರು.