ನಾಲ್ಕು ಮನೆ, ಒಂದು ಬೋರ್‌ವೆಲ್

ಮುಳಬಾಗಿಲು ತಾಲ್ಲೂಕಿನ ನಮ್ಮೂರಲ್ಲಿ ನಾಲ್ಕು ಮನೆಗೆ ಸೇರಿ ಒಂದೇ ಬೋರ್‌ವೆಲ್. ಆಳ 1,150 ಅಡಿ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದಲ್ಲಿ ಇದೇನೂ ಹೆಚ್ಚಲ್ಲ. ಹೋದ ಬೇಸಿಗೆಯಲ್ಲಿ ನೀರು ಕಡಿದು ಕಡಿದು ಬರತೊಡಗಿತು. ಹೊಸದು ಕೊರೆಸೋಣ ಎಂದರು ದೊಡ್ಡಪ್ಪ. ಬೇಡ ಎಂದೆ ನಾನು.

ಎರಡು ಸಂಜೆ ಕೂತು ಮಾತಾಡಿದೆವು. ನೀರಿಲ್ಲ, ತ್ರೀ ಫೇಸ್ ಕರೆಂಟು ನಿಲ್ಲುವುದಿಲ್ಲ, ಸಾಲ ಏರಿದೆ. ಎಲ್ಲರಿಗೂ ಗೊತ್ತಿದ್ದದ್ದನ್ನೇ ಎಲ್ಲರೂ ಹೇಳಿದೆವು. ಅಮೆರಿಕದ ಮನಃಶಾಸ್ತ್ರಜ್ಞರಾದ ಸ್ಟಾಸರ್ ಮತ್ತು ಟೈಟಸ್ 1985ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದೂ ಇದನ್ನೇ. ಗುಂಪಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತೇ ಸುತ್ತುತ್ತದೆ. ಒಬ್ಬರಿಗೆ ಮಾತ್ರ ಗೊತ್ತಿರುವುದು ಹಾಗೇ ಉಳಿದುಬಿಡುತ್ತದೆ.

ಮೂರನೇ ಸಂಜೆ ನಾನು ಒಂದೇ ಮಾತು ಕೇಳಿಕೊಂಡೆ. ಇವತ್ತು ಯಾರೂ ಏನು ಮಾಡಬೇಕು ಅಂತ ಹೇಳಬೇಡಿ, ನೀವೊಬ್ಬರೇ ಕಂಡದ್ದನ್ನು ಹೇಳಿ. ಮೊದಲು ನನ್ನದೇ ಹೇಳಿದೆ. ಒಡವೆ ಅಡವಿಟ್ಟಿದ್ದೇನೆ, ಹೊಸ ಬೋರಿಗೆ ಪಾಲು ಕೊಡಲು ನನ್ನ ಹತ್ತಿರ ಹಣವಿಲ್ಲ. ಹೇಳುವಾಗ ಗಂಟಲು ಕಟ್ಟಿತು. ಆಮೇಲೆ ದೊಡ್ಡಪ್ಪನೂ ಬಾಯಿಬಿಟ್ಟರು. ನರ್ಸರಿಯಲ್ಲಿ ಟೊಮೆಟೊ ಸಸಿಗೆ ಆಗಲೇ ಅಡ್ವಾನ್ಸ್ ಕೊಟ್ಟಿದ್ದರಂತೆ. ಅವರ ಅವಸರಕ್ಕೆ ಕಾರಣ ಅದು. ಎರಡು ಸಂಜೆ ನಾನು ಅದನ್ನು ಹಟ ಅಂದುಕೊಂಡಿದ್ದೆ.

ರಾತ್ರಿ ನೀರು ಕಟ್ಟುವುದು ತಮ್ಮನ ಹೆಂಡತಿ. ಅವಳನ್ನು ಯಾರೂ ಕೇಳಿಯೇ ಇರಲಿಲ್ಲ! "ಎರಡು ಗಂಟೆ ಓಡಿದ ಮೇಲೆ ನೀರು ಕಡಿಯುತ್ತೆ. ಒಂದು ಗಂಟೆ ನಿಲ್ಲಿಸಿದರೆ ಮತ್ತೆ ತುಂಬಿ ಬರುತ್ತೆ" ಎಂದಳು. ಅಂದರೆ ಬಾವಿ ಬತ್ತಿಲ್ಲ, ಊರುವುದಕ್ಕಿಂತ ಜಾಸ್ತಿ ನಾವು ಎಳೆಯುತ್ತಿದ್ದೇವೆ, ಅಲ್ವಾ? ಹಿಂದಿನ ಸಲ ಮೋಟರ್ ಎತ್ತಿಸಿದ್ದ ಪಕ್ಕದ ಮನೆಯವರು, ಮೋಟರ್ ಇರುವುದು 900 ಅಡಿಯಲ್ಲಿ ಎಂದರು. ಎಲ್ಲರಿಗೂ ಗೊತ್ತಿದೆ ಅಂತ ಸುಮ್ನೆ ಇದ್ದರಂತೆ.

ಇನ್ನೂ ಆಳದಿಂದ ನೀರೆತ್ತಲು ಮೋಟರ್‌ನ ಹೆಡ್ (ನೀರು ಎತ್ತಬಲ್ಲ ಎತ್ತರ) ಸಾಲುತ್ತದೆ ಎಂದು ಮೆಕ್ಯಾನಿಕ್ ಹೇಳಿದ ಮೇಲೆ 20 ಅಡಿಯ ಐದು ಪೈಪು ಸೇರಿಸಿ ಮೋಟರ್ ಇಳಿಸಿದೆವು. ಟೈಮರ್ ಹಾಕಿದೆವು. ಟೊಮೆಟೊ ಅರ್ಧಕ್ಕೆ ಇಳಿಸಿ, ದೊಡ್ಡಪ್ಪನ ಸಸಿಯನ್ನು ನಾಲ್ಕು ಮನೆಯವರೂ ಹಂಚಿಕೊಂಡೆವು.

ದೊಡ್ಡಪ್ಪ ಪೂರ್ತಿ ಒಪ್ಪಲಿಲ್ಲ. ಕೊನೆಗೆ ಅವರೂ ನಾನೂ ಒಂದು ಗೆರೆ ಹಾಕಿಕೊಂಡೆವು. ಮೋಟರ್ ನಾಲ್ಕು ಗಂಟೆ ನಿಲ್ಲಿಸಿಟ್ಟರೂ ಆಮೇಲೆ ಒಂದು ಗಂಟೆಯಾದರೂ ನೀರು ಬಾರದಿದ್ದರೆ ಬೋರ್ ಕೊರೆಯುವ ಲಾರಿ ಕರೆಸುವುದು, ಆಗ ನಾನು ಅಡ್ಡ ಬರುವಂತಿಲ್ಲ. ಸ್ಟಾರ್ಟರ್ ಡಬ್ಬಿ ಪಕ್ಕ ಒಂದು ನೋಟ್‌ಬುಕ್ ನೇತುಹಾಕಿದ್ದೇವೆ. ದಿನಾ ನೀರಿನ ಲೆಕ್ಕ ಬರೆಯುವವರು ದೊಡ್ಡಪ್ಪನೇ.