ದೀರ್ಘಕಾಲದ ಮೈಗ್ರೇನ್: ಧ್ಯಾನ ಮತ್ತು ನ್ಯೂರೋಫೀಡ್‌ಬ್ಯಾಕ್ ಅಭ್ಯಾಸವನ್ನು ಆರಂಭಿಸುವ ಬಗೆ

ತಿಂಗಳಿಗೆ 15 ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವಿದ್ದು, ಅವುಗಳಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣಗಳು ಕಾಣಿಸಿಕೊಂಡು, ಈ ಸ್ಥಿತಿ ಮೂರು ತಿಂಗಳಿಗೂ ಮೀರಿ ಮುಂದುವರಿದರೆ ವೈದ್ಯರು ಅದನ್ನು ದೀರ್ಘಕಾಲದ ಮೈಗ್ರೇನ್ ಎಂದು ಗುರುತಿಸುತ್ತಾರೆ. ಯಾವುದೇ ಅಭ್ಯಾಸ ಶುರುಮಾಡುವ ಮೊದಲು ನರರೋಗ ತಜ್ಞರಿಂದ ಇದನ್ನು ಖಚಿತಪಡಿಸಿಕೊಳ್ಳಬೇಕು. ಸಿಡಿಲಿನಂತೆ ಹಠಾತ್ತಾಗಿ ಎರಗುವ ನೋವು, ಜ್ವರದೊಂದಿಗೆ ಕುತ್ತಿಗೆ ಸೆಟೆದುಕೊಳ್ಳುವುದು, ಕೈಕಾಲಿನ ಬಲ ಕುಂದುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. 50 ವರ್ಷ ದಾಟಿದ ಮೇಲೆ ಮೊದಲ ಬಾರಿಗೆ ಶುರುವಾದ ತಲೆನೋವನ್ನೂ ಮೈಗ್ರೇನ್ ಎಂದು ತಾವೇ ತೀರ್ಮಾನಿಸಿಕೊಳ್ಳಬಾರದು.

ಅನಂತರದ ಕೆಲಸ, ನಾಲ್ಕು ವಾರಗಳ ತಲೆನೋವಿನ ದಿನಚರಿ. ನೋವು ಬಂದ ದಿನ, ಅದರ ತೀವ್ರತೆ, ನಿದ್ರೆ, ಊಟ ತಪ್ಪಿದ ಹೊತ್ತು, ಮುಟ್ಟಿನ ದಿನಗಳು ಮತ್ತು ನುಂಗಿದ ಮಾತ್ರೆಗಳನ್ನು ಅದರಲ್ಲಿ ಬರೆಯಿರಿ. ಮಾತ್ರೆಗಳ ಲೆಕ್ಕ ಎಲ್ಲಕ್ಕಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಪ್ಯಾರಾಸಿಟಮಾಲ್‌ನಂಥ ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ 15 ದಿನ, ಮೈಗ್ರೇನ್ ದಾಳಿಯನ್ನು ತಗ್ಗಿಸಲೆಂದೇ ಕೊಡುವ ಟ್ರಿಪ್ಟಾನ್ ಗುಂಪಿನ ಮಾತ್ರೆಗಳನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ, ತಿಂಗಳುಗಟ್ಟಲೆ ಸೇವಿಸುತ್ತಿದ್ದರೆ ಆ ಮಾತ್ರೆಗಳೇ ತಲೆನೋವನ್ನು ಉಳಿಸಿಕೊಂಡು ಬರಬಲ್ಲವು. ಆಗ ಧ್ಯಾನಕ್ಕಿಂತ ಮೊದಲು ವೈದ್ಯರೊಂದಿಗೆ ಆ ವಿಷಯವನ್ನು ಬಗೆಹರಿಸಿಕೊಳ್ಳಬೇಕು.

ಧ್ಯಾನವನ್ನು ನೋವಿಲ್ಲದ ದಿನ, ಇಲ್ಲವೇ ನೋವು ತೀರಾ ಕಡಿಮೆಯಿರುವ ದಿನ ಕಲಿಯಿರಿ. ತಲೆ ಸಿಡಿಯುತ್ತಿರುವಾಗ ಹೊಸ ವಿದ್ಯೆ ಕೈಗೂಡುವುದಿಲ್ಲ. ಮಂದ ಬೆಳಕಿನ ಕೋಣೆಯಲ್ಲಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, 10 ನಿಮಿಷ ಕುಳಿತರೆ ಆರಂಭಕ್ಕೆ ಸಾಕು. ಧ್ಯಾನವೆಂದೊಡನೆ ಅಗರಬತ್ತಿ ಹಚ್ಚುವ ರೂಢಿ ನಮ್ಮಲ್ಲಿ ಅನೇಕರಿಗಿದೆ. ಘಾಟು ವಾಸನೆಯಿಂದ ನೋವು ಕೆರಳುವವರು ಅದನ್ನು ಬಿಟ್ಟುಬಿಡಬೇಕು. ಹಾಗೆಯೇ, ಬೆಳಗಿನ ಧ್ಯಾನಕ್ಕಾಗಿ ತಿಂಡಿಯನ್ನು ಮುಂದೂಡಬೇಡಿ. ಉಸಿರನ್ನು ಬದಲಿಸದೆ, ಅದು ಮೂಗಿನ ಬಳಿ ಅಥವಾ ಹೊಟ್ಟೆಯಲ್ಲಿ ಬಂದುಹೋಗುವುದನ್ನು ಸುಮ್ಮನೆ ಗಮನಿಸಿ, ಮನಸ್ಸು ಅಲೆದಾಗ ಬೈದುಕೊಳ್ಳದೆ ಮರಳಿ ತನ್ನಿ. ಎರಡನೆಯ ವಾರದಿಂದ ಗಮನವನ್ನು ಪಾದದಿಂದ ನೆತ್ತಿಯವರೆಗೆ ನಿಧಾನವಾಗಿ ಸಾಗಿಸಿ, ದವಡೆ, ಕುತ್ತಿಗೆ ಮತ್ತು ಭುಜಗಳಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸಿ. ಅಭ್ಯಾಸ ಹಿಡಿತಕ್ಕೆ ಬಂದ ಮೇಲೆ ನೋವಿನ ದಿನವೂ ಇದನ್ನು ಬಳಸಬಹುದು. ಆಗ ಮಿಡಿತ, ಒತ್ತಡ, ಉರಿ ಎಂಬ ಅನುಭವ ಒಂದು ಕಡೆಗೂ, 'ಇವತ್ತಿನ ದಿನವೂ ಹಾಳಾಯಿತು' ಎಂಬ ಯೋಚನೆ ಇನ್ನೊಂದು ಕಡೆಗೂ ಬೇರೆಬೇರೆಯಾಗಿ ಕಾಣತೊಡಗುತ್ತವೆ. ತಲೆಯ ಕಡೆಗೆ ಗಮನ ಹರಿಸಿದಷ್ಟೂ ನೋವು ಹೆಚ್ಚೆನಿಸಿದರೆ, ನೆಲಕ್ಕೆ ತಾಗಿರುವ ಅಂಗಾಲುಗಳ ಮೇಲೆ ಗಮನವಿಡಿ. ವೈದ್ಯರು ಹೇಳಿದ ಮಾತ್ರೆಯನ್ನು ದಾಳಿಯ ಆರಂಭದಲ್ಲೇ ತೆಗೆದುಕೊಳ್ಳಿ. ಧ್ಯಾನ ಮಾಡಿ ನೋಡೋಣವೆಂದು ಅದನ್ನು ತಡಮಾಡಬೇಡಿ.

ಇದರಿಂದ ಏನನ್ನು ನಿರೀಕ್ಷಿಸಬಹುದು? ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಆರಂಭಿಸಿದ ಎಂಟು ವಾರಗಳ ಧ್ಯಾನ ತರಬೇತಿಯ ಮಾದರಿಯನ್ನು ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಸಂಶೋಧಕರು 89 ಮಂದಿ ಮೈಗ್ರೇನ್ ರೋಗಿಗಳಲ್ಲಿ ಪರೀಕ್ಷಿಸಿದರು. ತಲೆನೋವಿನ ಬಗ್ಗೆ ಕೇವಲ ತಿಳಿವಳಿಕೆ ಪಡೆದ ಗುಂಪಿಗಿಂತ ಧ್ಯಾನದ ಗುಂಪಿನಲ್ಲಿ ಮೈಗ್ರೇನ್ ದಿನಗಳು ಹೆಚ್ಚೇನೂ ಇಳಿಯಲಿಲ್ಲ. ಆದರೆ ನೋವಿನಿಂದಾಗಿ ಕೆಲಸಕಾರ್ಯ ನಿಲ್ಲುವುದು, ಖಿನ್ನತೆ ಮತ್ತು ನೋವಿನ ಬಗೆಗಿನ ಭಯ ಕಡಿಮೆಯಾದವು. ತಿಂಗಳ ಅರ್ಧ ಭಾಗ ನೋವಿನಲ್ಲೇ ಕಳೆಯುವವರಿಗೆ ಇದು ಸಣ್ಣ ಲಾಭವಲ್ಲ.

ನ್ಯೂರೋಫೀಡ್‌ಬ್ಯಾಕ್‌ನಲ್ಲಿ ನೆತ್ತಿಗೆ ಲೇಪದ ಸಹಾಯದಿಂದ ಎಲೆಕ್ಟ್ರೋಡ್‌ಗಳನ್ನು ಅಂಟಿಸಿ, ಮಿದುಳಿನ ವಿದ್ಯುತ್ ತರಂಗಗಳನ್ನು ಅಳೆದು, ಪರದೆಯ ಚಿತ್ರವಾಗಿಯೋ ಸದ್ದಾಗಿಯೋ ಆ ಕ್ಷಣದಲ್ಲೇ ನಿಮಗೆ ತೋರಿಸುತ್ತಾರೆ. ಇದು ಅಳೆಯುವ ಸಾಧನವೇ ಹೊರತು ತಲೆಯೊಳಕ್ಕೆ ವಿದ್ಯುತ್ ಹರಿಸುವುದಿಲ್ಲ. ಗೊತ್ತುಪಡಿಸಿದ ತರಂಗ, ಉದಾಹರಣೆಗೆ ಸೆಕೆಂಡಿಗೆ 12ರಿಂದ 15 ಆವರ್ತನದ್ದು, ಹೆಚ್ಚಿದಾಗ ಸಂಕೇತ ಸಿಗುತ್ತದೆ. ಅದು ಮತ್ತೆ ಮತ್ತೆ ಸಿಗುವಂತೆ ಮಾಡುವುದನ್ನು ಮಿದುಳು ಕ್ರಮೇಣ ಕಲಿಯಬೇಕೆಂಬುದು ಇದರ ಉದ್ದೇಶ. ಸಾಮಾನ್ಯವಾಗಿ ವಾರಕ್ಕೆ ಎರಡರಂತೆ 20 ಅಥವಾ ಹೆಚ್ಚು ಸೆಷನ್‌ಗಳು ಬೇಕಾಗುತ್ತವೆ. ಎಣ್ಣೆ ಹಚ್ಚಿದ ತಲೆಯಲ್ಲಿ ಎಲೆಕ್ಟ್ರೋಡ್ ಸರಿಯಾಗಿ ಸಂಪರ್ಕ ಹಿಡಿಯುವುದಿಲ್ಲವಾದ್ದರಿಂದ ತಲೆ ತೊಳೆದುಕೊಂಡು ಹೋಗಿ, ಪರದೆಯ ಬೆಳಕು ಕುಕ್ಕಿದರೆ ತಗ್ಗಿಸಲು ಹೇಳಿ ಅಥವಾ ಸದ್ದಿನ ಸಂಕೇತವನ್ನೇ ಕೇಳಿ ಪಡೆಯಿರಿ.

ಮೈಗ್ರೇನ್‌ನಲ್ಲಿ ಇದರ ಬಗ್ಗೆ ನಡೆದ ಅಧ್ಯಯನಗಳು ಚಿಕ್ಕವು ಎಂಬುದನ್ನು ಹಣ ಕಟ್ಟುವ ಮೊದಲೇ ತಿಳಿದಿರಬೇಕು. ಬೆರಳಿನ ಉಷ್ಣತೆಯನ್ನು ಅಳೆದು ಕೈ ಬೆಚ್ಚಗಾಗಿಸಲು ಕಲಿಸುವ, ಅಥವಾ ಸ್ನಾಯುಗಳ ಬಿಗಿತವನ್ನು ಅಳೆದು ಸಡಿಲಿಸಲು ಕಲಿಸುವ ಸಾಮಾನ್ಯ ಬಯೋಫೀಡ್‌ಬ್ಯಾಕ್‌ಗೆ ಇದಕ್ಕಿಂತ ಗಟ್ಟಿಯಾದ ಆಧಾರವಿದೆ; ಅದು ಸಿಗುವ ಕಡೆ ಮೊದಲು ಅದನ್ನೇ ಕೇಳಿ. ಬೆಂಗಳೂರಿನ ಸುತ್ತಮುತ್ತಲಿನವರು ನಿಮ್ಹಾನ್ಸ್‌ನಲ್ಲಿ ವಿಚಾರಿಸುವುದು ಒಳ್ಳೆಯದು. ಬೇರೆ ಕೇಂದ್ರಗಳಲ್ಲಿ, ತರಬೇತಿ ಕೊಡುವವರ ವಿದ್ಯಾರ್ಹತೆ ಏನು, ಯಾವ ತರಂಗವನ್ನು ಏಕೆ ಆರಿಸಿದ್ದಾರೆ, ಫಲವನ್ನು ಹೇಗೆ ಅಳೆಯುತ್ತಾರೆ ಎಂದು ಕೇಳಿ. ಪೂರ್ತಿ ಗುಣವಾಗುತ್ತದೆಂದು ಭರವಸೆ ಕೊಡುವ, ಪ್ರೊಪ್ರಾನೊಲಾಲ್‌ನಂಥ ತಡೆಗಟ್ಟುವ ಔಷಧವನ್ನು ಥಟ್ಟನೆ ನಿಲ್ಲಿಸಲು ಹೇಳುವ ಕಡೆಯಿಂದ ಎದ್ದುಬನ್ನಿ.

ಎರಡನ್ನೂ ಒಂದೇ ದಿನ ಆರಂಭಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಎಂಟು ವಾರ ಧ್ಯಾನವನ್ನಷ್ಟೇ ಮಾಡಿ, ಬಳಿಕ ಬೇಕೆನಿಸಿದರೆ ನ್ಯೂರೋಫೀಡ್‌ಬ್ಯಾಕ್ ಸೇರಿಸಿ, ಪ್ರತಿ ತಿಂಗಳ ಕೊನೆಗೆ ನೋವಿನ ದಿನ, ಮಾತ್ರೆಯ ದಿನ ಮತ್ತು ಕೆಲಸ ತಪ್ಪಿದ ದಿನಗಳನ್ನು ಮೊದಲ ನಾಲ್ಕು ವಾರಗಳ ದಿನಚರಿಯೊಂದಿಗೆ ಹೋಲಿಸಿ. ಹತ್ತು ಹನ್ನೆರಡು ಸೆಷನ್‌ಗಳಾದರೂ ಆ ಮೂರರಲ್ಲಿ ಒಂದೂ ಇಳಿಯದಿದ್ದರೆ, ಉಳಿದ ಸೆಷನ್‌ಗಳಿಗೆ ಹಣ ಕಟ್ಟುವ ಮೊದಲು ಆ ದಿನಚರಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ.